ಭಾವನ ಫಾರಂ

ಭಾವ ಹೋದ ಮಾರನೆಯ ದಿನ ನಾನು ತುಮಕೂರಿನ ಶಿರಾ ಗೇಟಿನ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತಿದ್ದೆ. ಶ್ರದ್ಧಾಂಜಲಿ ಫ್ಲೆಕ್ಸಿನಲ್ಲಿ ಫೋಟೋ ಕೂತಾಗಿತ್ತು, ಹೆಸರೂ ಕೂತಾಗಿತ್ತು. ಹೆಸರಿನ ಕೆಳಗೆ ಏನು ಹಾಕಲಿ ಸಾರ್ ಎಂದು ಕಂಪ್ಯೂಟರಿನ ಮುಂದಿದ್ದವನು ಕೇಳಿದ. ನಾನು ಭಾವನ ಊರು ಕೊತ್ತಗೆರೆಗೆ, ಅವರ ದೊಡ್ಡಪ್ಪನಿಗೆ ಫೋನು ಮಾಡಿದೆ. ಆ ಮನೆತನಕ್ಕೆ ಈಗ ಅವರೇ ಹಿರಿಯರು. ಅವರು ತಡವರಿಸಲೇ ಇಲ್ಲ.

‘ಪ್ರಗತಿಪರ ತೆಂಗು ಬೆಳೆಗಾರರು ಅಂತ ಹಾಕ್ಸಪ್ಪ. ಇನ್ನೇನೂ ಬ್ಯಾಡ.’

ಆ ‘ಇನ್ನೇನೂ ಬ್ಯಾಡ’ದೊಳಗೆ ಏನಿದೆ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಭಾವ, ಅಂದರೆ ನನ್ನ ಅಕ್ಕನ ಗಂಡ, ತೆಂಗು ಬೆಳೆದವರಲ್ಲ. ಕೊತ್ತಗೆರೆಯ ತೋಟದಲ್ಲಿ ಅವರ ಪಾಲಿನ ಮರಗಳನ್ನು ತಮ್ಮಂದಿರೇ ನೋಡಿಕೊಳ್ಳುತ್ತಿದ್ದರು. ಭಾವ ಹಂದಿ ಸಾಕಿದವರು. ಹತ್ತಾರು ವರ್ಷ ಅದೇ ಅವರ ಬದುಕು, ಅದೇ ಅವರ ಚಿಂತೆ, ಅದೇ ಅವರ ಸಂತೋಷ. ಗುಬ್ಬಿಯ ಅವರ ಮನೆಯ ಮುಂದೆ ಆ ಫ್ಲೆಕ್ಸ್ ಕಟ್ಟುವಾಗ ನನಗೆ ಬಹಳ ನಾಚಿಕೆಯಾಯಿತು. ಸತ್ತ ಮೇಲೂ ಮನುಷ್ಯನ ಮೈ ತೊಳೆದು, ಬೇರೆ ಬಟ್ಟೆ ಹಾಕಿ, ಬೇರೆಯವನನ್ನಾಗಿ ಮಾಡಿಯೇ ಕಳಿಸುತ್ತೇವಲ್ಲ ಎನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಂದಿ ಎಂಬ ಪದ ಭಾವನ ಬಾಯಲ್ಲಿ ಬಹಳ ಕಾಲ ಬರಲೇ ಇಲ್ಲ. ‘ಅವು’ ಎನ್ನುತ್ತಿದ್ದರು. ಅವಕ್ಕೆ ಹೊಟ್ಟೆ ಹಸೀತಿರ್ತದೆ, ಅವು ನನ್ನ ಬೈಕ್ ಸದ್ದು ಕಂಡುಹಿಡೀತವೆ, ಹೀಗೆ. ಮರಿ ಹಾಕುವ ಹೆಣ್ಣುಗಳಿಗೆ ದೊಡ್ಡೋಳು, ಸಣ್ಣೋಳು, ಕೆಂಪಿ ಎಂದು ಹೆಸರಿದ್ದವು. ಒಮ್ಮೆ ಗುಬ್ಬಿಯಿಂದ ತುಮಕೂರಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆವು. ಭಾವನಿಗೆ ಫಾರಮ್ಮಿನಿಂದ ಫೋನು ಬಂತು. ‘ದೊಡ್ಡೋಳಿಗೆ ಹೆರಿಗೆ ಆಯ್ತಾ? ಎಷ್ಟು? ಹನ್ನೊಂದಾ? ಎಲ್ಲಾ ಹಾಲು ಕುಡೀತಾವಾ? ಕೆಂಪೀನೂ ಇವತ್ತೋ ನಾಳೆನೋ ಕಣೋ, ಹುಷಾರು’ ಎಂದು ಜೋರಾಗಿಯೇ ಮಾತಾಡಿದರು. ಮುಂದಿನ ಸೀಟಿನ ಮುದುಕಿ ಪೂರ್ತಿ ತಿರುಗಿ ಕೂತು ಭಾವನನ್ನು ಮೇಲಿಂದ ಕೆಳಗೆ ನೋಡಿತು. ಭಾವ ಗಂಭೀರವಾಗಿ ಕೈ ಮುಗಿದರು. ಬಸ್ಸಿಳಿದ ಮೇಲೆ ಇಬ್ಬರೂ ರಸ್ತೆ ಬದಿಯಲ್ಲಿ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಮೊದಲು ಅವರು ಗುಬ್ಬಿಯಲ್ಲಿ ಒಂದು ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕಿದ್ದರು. ಎಲ್ಲಿಯೋ ಹಂದಿ ಸಾಕಣೆಯ ತರಬೇತಿ ನೋಡಿ ಬಂದವರು ಬೆಳ್ಳಾವಿಯ ಆಚೆ ಗುತ್ತಿಗೆಗೆ ಜಾಗ ಹಿಡಿದು ಶೆಡ್ಡು ಹಾಕಿಸಿದರು. ಊರಿನವರಿಗೆ ಹೇಳಿದ್ದು ಕೋಳಿ ಫಾರಂ ಎಂದು. ಸತ್ಯ ಗೊತ್ತಿದ್ದದ್ದು ಅಕ್ಕನಿಗೆ ಮತ್ತು ನನಗೆ. ನಮ್ಮಂಥ ಮನೆಗಳಲ್ಲಿ ಹಂದಿ ಎನ್ನುವುದು ಪ್ರಾಣಿಯ ಹೆಸರಿಗಿಂತ ಹೆಚ್ಚಾಗಿ ಬೈಗುಳ. ಹಂದಿ ಸಾಕುವ ಜನ ಬಂದರೆ ನಮ್ಮ ಹಿರಿಯರು ಅಂಗಳದಾಚೆಯೇ ನಿಲ್ಲಿಸಿ ಮಾತಾಡಿಸುತ್ತಿದ್ದರು. ಅದನ್ನು ನೋಡಿಕೊಂಡು ಬೆಳೆದ ಭಾವನಿಗೆ ತಮ್ಮನ್ನೂ ಹಾಗೆ ನಿಲ್ಲಿಸಿಬಿಟ್ಟಾರು ಎಂಬ ಭಯ. ನಿಲ್ಲಿಸುವವರು ತಮ್ಮವರೇ ಎಂಬುದು ಗೊತ್ತಿದ್ದರಿಂದ ಆ ಭಯ ಇನ್ನೂ ಹೆಚ್ಚು.

ಮದುವೆ ಮನೆಯಲ್ಲಿ ಭಾವನನ್ನು ನೋಡಬೇಕಿತ್ತು. ಎಲ್ಲರೂ ಹೆಣ್ಣಿನ ಒಡವೆ ನೋಡುತ್ತಿದ್ದರೆ ಅವರ ಕಣ್ಣು ಎಲೆ ಎತ್ತುವ ಕಡೆ. ‘ನೋಡು ಮೇಷ್ಟ್ರೇ, ಎಷ್ಟು ಅನ್ನ ಮಿಗಿಸವ್ರೆ. ಪಲ್ಯ ಮುಟ್ಟೇ ಇಲ್ಲ’ ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ನಾನು ಹೈಸ್ಕೂಲು ಮೇಷ್ಟ್ರಾದದ್ದರಿಂದ ಅವರ ಬಾಯಲ್ಲಿ ನನಗೆ ಬೇರೆ ಹೆಸರಿರಲಿಲ್ಲ. ಹಾಸ್ಟೆಲು, ಹೋಟೆಲು, ಕಲ್ಯಾಣ ಮಂಟಪಗಳ ಮುಸುರೆಯೆಲ್ಲ ಡ್ರಮ್ಮಿನಲ್ಲಿ ತುಂಬಿ ಬೆಳ್ಳಾವಿಗೆ ಹೋಗುತ್ತಿತ್ತು. ಬೀಗರ ಊಟದಲ್ಲಿ ಯಾರಾದರೂ ಎಲೆಯಲ್ಲಿ ಬಿಟ್ಟೆದ್ದರೆ ಬೇರೆಯವರು ಬೈದುಕೊಳ್ಳುತ್ತಾರೆ. ಭಾವ ಆಶೀರ್ವಾದ ಮಾಡುತ್ತಿದ್ದರು.

ಸಂಜೆ ಮನೆಗೆ ಬರುವ ಮುಂಚೆ ಫಾರಮ್ಮಿನ ಪಂಪ್‌ಹೌಸಿನಲ್ಲೇ ಸ್ನಾನ. ಮೈಗೆ ಸೋಪು ಎಷ್ಟು ತಿಕ್ಕುತ್ತಿದ್ದರೆಂದರೆ ಚರ್ಮ ಒಣಗಿ ಬೂದಿ ಬಳಿದಂತೆ ಕಾಣುತ್ತಿತ್ತು. ಆಮೇಲೆ ಪೌಡರು, ಹಣೆಗೆ ವಿಭೂತಿ, ಇಸ್ತ್ರಿ ಮಾಡಿದ ಅಂಗಿ. ಫಾರಮ್ಮಿನ ಬಟ್ಟೆಗಳು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಗಂಟಾಗಿ ಬರುತ್ತಿದ್ದವು. ಅವನ್ನು ಕೆಲಸದವರ ಕೈಗೆ ಕೊಟ್ಟರೆ ಬೀದಿಗೆ ಗೊತ್ತಾದೀತೆಂದು ಅಕ್ಕನೇ ಒಗೆಯಬೇಕು. ಅಕ್ಕಪಕ್ಕದವರು ಕೆಲಸಕ್ಕೆ ಹೋದ ಮೇಲೆ ಒಗೆದು, ತಾರಸಿಯ ಮೇಲೆ ನೀರಿನ ಟ್ಯಾಂಕಿನ ಹಿಂದೆ ಒಣಹಾಕುತ್ತಿದ್ದಳು. ‘ಕಳ್ಳತನ ಮಾಡಿದ್ರೂ ಇಷ್ಟು ಒದ್ದಾಡ್ತಿರಲಿಲ್ಲ ಕಣೋ’ ಎಂದು ನನ್ನ ಹತ್ತಿರ ಗೊಣಗುತ್ತಿದ್ದಳು.

ಈ ಮುಚ್ಚುಮರೆಯಿಂದಲೇ ಮುಂದಿನದೆಲ್ಲ ಆದದ್ದು. ಶುರುವಿನಲ್ಲಿ ಒಂದು ಸಲ ಮರಿಗಳಿಗೆ ಭೇದಿ ಹತ್ತಿಕೊಂಡು ಭಾವ ಸರ್ಕಾರಿ ಪಶುವೈದ್ಯರನ್ನು ಕರೆಸಿದ್ದರು. ಅವರು ಒಳ್ಳೆಯ ಮನುಷ್ಯ, ಕೈ ತೊಳೆಯುತ್ತ ಲೋಕಾಭಿರಾಮವಾಗಿ ಊರು ಕೇಳಿದರು. ಭಾವ ಯೋಚಿಸದೆ ಕೊತ್ತಗೆರೆ ಎಂದುಬಿಟ್ಟರು. ‘ಅಯ್ಯೋ, ನಮ್ಮ ಮಾವನ ಊರು ಕಣ್ರೀ. ನಿಮ್ಮ ತಂದೆ ಯಾರು?’ ಎಂದರು ಡಾಕ್ಟರು. ಭಾವ ಬಾಯಿಗೆ ಬಂದ ಒಂದು ಹೆಸರು ಹೇಳಿ ಪಾರಾದರು. ‘ಇದ್ದ ಅಪ್ಪನ್ನೇ ಬದಲಾಯಿಸಿಬಿಟ್ಟೆ ಮೇಷ್ಟ್ರೇ’ ಎಂದು ನನ್ನ ಮುಂದೆ ನಕ್ಕರು. ನಗುವಾಗ ಮುಖ ಪೆಚ್ಚಾಗಿತ್ತು. ಆಮೇಲೆ ಆ ಡಾಕ್ಟರನ್ನು ಕರೆಯಲಿಲ್ಲ. ಬೇರೆ ಡಾಕ್ಟರನ್ನೂ ಕರೆಯಲಿಲ್ಲ. ಅವರ ಮಾವನ ಊರು ಯಾವುದಿರುತ್ತದೋ ಯಾರಿಗೆ ಗೊತ್ತು.

ತಾವೇ ಡಾಕ್ಟರಾದರು. ಶಿರಾ ಗೇಟಿನ ಕಡೆ ಜಾನುವಾರು ಔಷಧಿಯ ಒಂದು ಅಂಗಡಿ ಇತ್ತು. ರೋಗ ಹೇಳಿದರೆ ಅಂಗಡಿಯವನು ಬಾಟಲಿ ತೆಗೆದು ಮುಂದಿಡುತ್ತಿದ್ದ. ಕಿವಿಯ ಹಿಂದೆ ಸೂಜಿ ಚುಚ್ಚುವುದರಲ್ಲಿ ಭಾವನ ಕೈ ಬಹಳ ಹಗುರ, ಅದರ ಬಗ್ಗೆ ಅವರಿಗೆ ಸಣ್ಣ ಹೆಮ್ಮೆಯೂ ಇತ್ತು. ಒಂದು ಹಂದಿ ಕೆಮ್ಮಿದರೆ ಇಡೀ ಶೆಡ್ಡಿಗೆ ಚುಚ್ಚುತ್ತಿದ್ದರು. ಕೆಮ್ಮು ನಿಂತ ದಿನವೇ ಔಷಧಿಯನ್ನೂ ನಿಲ್ಲಿಸಿ, ಮಿಕ್ಕಿದ್ದನ್ನು ಮುಂದಿನ ಸಲಕ್ಕೆ ಎತ್ತಿಡುತ್ತಿದ್ದರು. ಮರಿಗಳಿಗೆ ಕಾಯಿಲೆ ಇರಲಿ ಬಿಡಲಿ, ಮೇವಿನಲ್ಲಿ ದಿನಾ ಒಂದಿಷ್ಟು ಪುಡಿ. ‘ಹುಷಾರು ತಪ್ಪೋಕೆ ಮುಂಚೇನೇ ಕೊಟ್ಬುಟ್ರೆ ತಪ್ಪೋದೇ ಇಲ್ಲವಲ್ಲ’ ಎಂಬುದು ಅವರ ವಾದ. ಮನುಷ್ಯರಿಗೆ ಕೊಡೋ ಜಾತಿ ಔಷಧೀನೇ ಕಣೋ, ನಮ್ಮೋವು ಏನು ಕಮ್ಮಿ ಎನ್ನುತ್ತಿದ್ದರು. ಆ ಮಾತಿನಲ್ಲಿ ಪ್ರೀತಿಯೇ ಇತ್ತು. ಚಳಿಗೆ ನಡುಗುವ ಮರಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಕೂತದ್ದನ್ನು ನಾನೇ ಕಂಡಿದ್ದೇನೆ.

ವರ್ಷ ಕಳೆದಂತೆ ಬಾಟಲಿಗಳು ಬದಲಾಗುತ್ತ ಹೋದವು. ಮೊದಲು ಕೆಲಸ ಮಾಡಿದ್ದು ಆಮೇಲೆ ಮಾಡುತ್ತಿರಲಿಲ್ಲ. ಅಂಗಡಿಯವನು ಇನ್ನೂ ಸ್ಟ್ರಾಂಗಾದದ್ದು ಕೊಡುತ್ತಿದ್ದ. ಒಂದು ಬೇಸಿಗೆಯಲ್ಲಿ ಮರಿಗಳಿಗೆ ಭೇದಿ ಬಂದದ್ದು ಹೋಗಲೇ ಇಲ್ಲ. ಕೆಲವಕ್ಕೆ ಕೀಲು ಊದಿಕೊಂಡವು, ಚರ್ಮದ ಮೇಲೆ ಹುಣ್ಣಾದವು. ನಾನು ಹೋದಾಗ ಭಾವ ಗುಂಡಿ ತೆಗೆಸಿ ಸುಣ್ಣ ಹಾಕಿಸುತ್ತಿದ್ದರು. ಮೈಯೆಲ್ಲ ಬೆವರು. ‘ಯಾವುದೂ ನಾಟ್ತಿಲ್ಲ ಮೇಷ್ಟ್ರೇ’ ಎಂದಷ್ಟೇ ಹೇಳಿದರು. ಡಾಕ್ಟರನ್ನು ಕರೆಸಿ ಭಾವ ಎಂದೆ. ‘ಕರೆಸ್ಬೋದು. ಜೀಪು ಬರ್ತದೆ, ಜೀಪಿನ ಹಿಂದೆ ಕೊತ್ತಗೆರೆ ಬರ್ತದೆ’ ಎಂದರು.

ಅಕ್ಕನ ಬೆರಳಿಗೆ ಈಳಿಗೆ ಮಣೆ ತಾಗಿದ್ದು ಅದೇ ಬೇಸಿಗೆಯಲ್ಲಿ. ಬಲಗೈ ತೋರುಬೆರಳಿನಲ್ಲಿ ಸಣ್ಣ ಗಾಯ. ಅರಿಶಿನ ಒತ್ತಿಕೊಂಡು ಎಂದಿನಂತೆ ಬಟ್ಟೆ ಒಗೆದಳು. ಬೆರಳು ಊದಿತು, ಕೆಂಪು ಅಂಗೈಗೆ ಇಳಿಯಿತು. ಗುಬ್ಬಿಯ ಕ್ಲಿನಿಕ್ಕಿನಲ್ಲಿ ಕೊಟ್ಟ ಮಾತ್ರೆಗೆ ಜಗ್ಗಲಿಲ್ಲ, ಇಂಜೆಕ್ಷನ್ನಿಗೂ ಜಗ್ಗಲಿಲ್ಲ. ಮುಂಗೈ ದಾಟಿ, ಚಳಿ ಜ್ವರ ಹಿಡಿದು, ಮಾತು ತೊದಲತೊಡಗಿದ ಮೇಲೆ ತುಮಕೂರಿನ ಆಸ್ಪತ್ರೆಗೆ ಸೇರಿಸಿದೆವು. ಸುದ್ದಿ ತಿಳಿದು ಕೊತ್ತಗೆರೆಯಿಂದ ದೊಡ್ಡಪ್ಪ, ಅವರ ಮನೆಯವರು, ಭಾವನ ತಮ್ಮಂದಿರು ಎಳನೀರಿನ ಗೊನೆಯೊಂದಿಗೆ ಬಂದಿಳಿದರು.

ಲೇಡಿ ಡಾಕ್ಟರು ಚಿಕ್ಕ ವಯಸ್ಸಿನವರು, ಆದರೆ ಬಿಗಿ. ಕೀವನ್ನು ಲ್ಯಾಬಿಗೆ ಕಳಿಸಿ ಬಂದು ನಮ್ಮೆಲ್ಲರ ಎದುರಿಗೇ ಭಾವನನ್ನು ಕೇಳಿದರು.

‘ನಾನು ಹಾಕ್ತಿರೋ ಔಷಧಿಗೆ ಇದು ಬಗ್ತಿಲ್ಲ. ರಿಪೋರ್ಟ್ ಬರೋಕೆ ಇನ್ನೂ ಟೈಮ್ ಬೇಕು. ನೀವು ಏನು ಕೆಲಸ ಮಾಡ್ತೀರಿ? ಮನೇಲಿ ಪ್ರಾಣಿ ಏನಾದ್ರೂ ಸಾಕಿದ್ದೀರಾ?’

ಭಾವ ನೆಲ ನೋಡಿದರು. ‘ತೆಂಗಿನ ತೋಟ ಐತೆ ಮೇಡಂ.’

‘ಕೋಳಿ ಫಾರಮ್ಮೂ ಐತೆ, ಹೇಳೋ’ ಎಂದರು ದೊಡ್ಡಪ್ಪ, ಹೆಮ್ಮೆಯಿಂದ.

‘ಕೋಳಿಗೆ ಆ್ಯಂಟಿಬಯಾಟಿಕ್ ಕೊಡ್ತೀರಾ?’

‘ಇಲ್ಲ ಮೇಡಂ. ಏನೂ ಕೊಡಲ್ಲ.’

ಡಾಕ್ಟರು ಒಂದು ಕ್ಷಣ ಭಾವನ ಮುಖ ನೋಡಿ ಒಳಗೆ ಹೋದರು. ನಾನು ಭಾವನ ತೋಳು ಹಿಡಿದು ಮೆಟ್ಟಿಲ ಹತ್ತಿರ ಎಳೆದುಕೊಂಡು ಹೋದೆ. ನೀವು ಹೇಳದಿದ್ದರೆ ನಾನೇ ಹೇಳುತ್ತೇನೆ ಎಂದೆ. ಅವರು ಮೆಟ್ಟಿಲಿಳಿದು ಹೊರಟುಹೋದರು. ನಾನು ವಾಪಸು ಬಂದು ಒಳಗೆ ಹೋಗಿ ಡಾಕ್ಟರಿಗೆ ಹೇಳಿದೆ, ಹಂದಿ ಎಂದು. ಏನೇನು ಔಷಧಿ ಕೊಟ್ಟಿದ್ದಾರೆ ಎಂದು ಅವರು ಕೇಳಿದರು. ನನಗೆ ಒಂದರ ಹೆಸರೂ ಗೊತ್ತಿರಲಿಲ್ಲ. ಭಾವನ ಫೋನು ಸ್ವಿಚ್ ಆಫ್ ಬರುತ್ತಿತ್ತು. ಹೆದರಿ ಓಡಿಹೋದರು ಎಂದೇ ನಾನು ತಿಳಿದೆ. ಹಾಗೆ ತಿಳಿದದ್ದಕ್ಕೆ ಇವತ್ತಿಗೂ ಅವರ ಫೋಟೋದ ಮುಂದೆ ತಲೆ ತಗ್ಗುತ್ತದೆ.

ಭಾವ ಹೋದದ್ದು ಬೆಳ್ಳಾವಿಗೆ. ಮಧ್ಯಾಹ್ನದ ಹೊತ್ತಿಗೆ ಬಂದರು. ಅಷ್ಟು ವರ್ಷದಲ್ಲಿ ಮೊದಲ ಸಲ ಸ್ನಾನ ಮಾಡಿರಲಿಲ್ಲ, ಬಟ್ಟೆ ಬದಲಾಯಿಸಿರಲಿಲ್ಲ. ಮಂಡಿವರೆಗೆ ಕೆಸರು, ಬೆನ್ನ ಮೇಲೆ ಮೇವಿನ ಗೋಣಿಚೀಲ. ಕಾರಿಡಾರಿನಲ್ಲಿ ನಡೆದು ಬರುವಾಗ ಬೆಂಚಿನ ಮೇಲೆ ಕೂತವರು ಒಬ್ಬೊಬ್ಬರಾಗಿ ಮೂಗಿಗೆ ಸೆರಗು, ಟವೆಲು ಹಿಡಿದರು. ದೊಡ್ಡಪ್ಪ ಎದ್ದು ನಿಂತರು. ಭಾವ ಯಾರನ್ನೂ ನೋಡದೆ ನರ್ಸುಗಳ ಟೇಬಲ್ಲಿನ ಹತ್ತಿರ ಹೋಗಿ ಚೀಲವನ್ನು ನೆಲದ ಮೇಲೆ ಸುರಿದರು. ಖಾಲಿ ಬಾಟಲಿಗಳು, ಅರ್ಧ ಮಿಕ್ಕ ಬಾಟಲಿಗಳು, ಪುಡಿಯ ಪೊಟ್ಟಣಗಳು ಉರುಳಿ ಉರುಳಿ ಬೆಂಚಿನ ಕೆಳಗೆಲ್ಲ ಹೋದವು.

‘ಕೋಳಿ ಅಲ್ಲ ಮೇಡಂ. ಹಂದಿ. ನಾನು ಹಂದಿ ಸಾಕ್ತೀನಿ. ಇಷ್ಟೂ ಅವಕ್ಕೆ ಕೊಟ್ಟಿದ್ದೀನಿ, ನಾನೇ. ಅವಳು ನನ್ನ ಬಟ್ಟೆ ಒಗೀತಾಳೆ. ಇದರಲ್ಲಿ ಅವಳಿಗೆ ಯಾವುದು ನಾಟಲ್ಲ ನೋಡಿ, ಬೇಗ ನೋಡಿ.’

ಇಡೀ ವಾರ್ಡಿಗೆ ಕೇಳಿಸಿತು. ಡಾಕ್ಟರು ಕೈಗೆ ಗ್ಲೌಸು ಹಾಕಿಕೊಂಡು ನೆಲದ ಮೇಲೇ ಕುಕ್ಕರಗಾಲಲ್ಲಿ ಕೂತರು. ಒಂದೊಂದೇ ಬಾಟಲಿ ತಿರುಗಿಸಿ ಹೆಸರು ಓದಿ ಪಕ್ಕಕ್ಕೆ ಇಟ್ಟರು. ಅವರು ಅಕ್ಕನಿಗೆ ಆವರೆಗೆ ಹಾಕುತ್ತಿದ್ದ ಔಷಧಿಯ ಜಾತಿಯದೂ ಆ ರಾಶಿಯಲ್ಲಿತ್ತು. ಭಾವ ಅವರೆದುರು ಕೂತು ಯಾವುದನ್ನು ಎಷ್ಟು ದಿನ ಕೊಟ್ಟೆ, ಯಾವುದು ಯಾವಾಗ ನಾಟದೆ ಹೋಯಿತು ಎಂದು ಶಾಲೆಯ ಹುಡುಗ ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದರು. ಅವರ ಬೆನ್ನ ಹಿಂದೆ ಕೊತ್ತಗೆರೆಯ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಗಮನಿಸಿದರೆ ಬೆಂಚು ಖಾಲಿ, ಎಳನೀರಿನ ಗೊನೆ ಮಾತ್ರ ಇತ್ತು.

ಔಷಧಿ ಬದಲಾಯಿಸಿದರು. ಅಕ್ಕ ಉಳಿದಳು. ಬೆರಳು ಉಳಿಯಲಿಲ್ಲ. ಭಾವ ಡಾಕ್ಟರನ್ನು ಒಂದೇ ಪ್ರಶ್ನೆ ಕೇಳಿದರು, ಬೆಳಿಗ್ಗೆ ನೀವು ಕೇಳಿದಾಗಲೇ ಹೇಳಿದ್ದರೆ ಬೆರಳು ಉಳಿಯುತ್ತಿತ್ತಾ ಎಂದು. ‘ಅದನ್ನ ನಾನು ಹೇಳಕ್ಕಾಗಲ್ಲ. ಈ ಸೋಂಕು ನಿಮ್ಮ ಹಂದಿಗಳಿಂದಲೇ ಬಂತು ಅಂತಾನೂ ಖಂಡಿತವಾಗಿ ಹೇಳಕ್ಕಾಗಲ್ಲ. ಆದರೆ ಹಂದಿ ಸಾಕೋದು ತಪ್ಪಲ್ಲ, ತಿಳ್ಕೊಳಿ. ಬೇಕಾಬಿಟ್ಟಿ ಔಷಧಿ ಕೊಟ್ಟು ರೋಗಾಣುಗಳನ್ನ ಔಷಧೀನೇ ತಡ್ಕೊಳ್ಳೋ ಹಾಗೆ ಪಳಗಿಸಿದ್ರಲ್ಲ, ತಪ್ಪು ಅದು’ ಎಂದರು. ಬೇರೆ ಯಾರಾದರೂ ಆಗಿದ್ದರೆ ‘ಖಂಡಿತವಾಗಿ ಹೇಳಕ್ಕಾಗಲ್ಲ’ ಎಂಬುದನ್ನು ಹಿಡಿದುಕೊಂಡು ನೆಮ್ಮದಿಯಾಗಿ ಇದ್ದುಬಿಡುತ್ತಿದ್ದರು. ಭಾವ ಮಾತ್ರ ಆ ಮಾತು ಕೇಳಿಸಿಯೇ ಇಲ್ಲದವರಂತೆ ಇದ್ದರು. ಅಕ್ಕ ಕಣ್ಣು ಬಿಟ್ಟ ಮೇಲೆ ಅವರ ಮುಖ ನೋಡಿ, ‘ಬಿಡಿ, ಬಟ್ಟೆ ಒಗೆಯೋಕೆ ನಾಕು ಬೆರಳು ಸಾಕು’ ಎಂದಳು. ಭಾವ ಹೊರಗೆ ಬಂದು ಗೋಡೆಗೆ ಮುಖ ಮಾಡಿ ಅತ್ತರು. ಅವತ್ತಿನಿಂದ ಅವರ ಬಟ್ಟೆ ಅವರೇ ಒಗೆದುಕೊಂಡರು, ಫಾರಮ್ಮಿನಲ್ಲೇ.

ಅಲ್ಲಿಂದ ಮುಂದೆ ನಾನು ಕಂಡದ್ದು ಬೇರೆ ಭಾವನನ್ನು. ಮೊದಲು ಹೋಗಿ ಆ ಹಳೆಯ ಪಶುವೈದ್ಯರನ್ನು ಕರೆತಂದರು. ‘ಮೊದಲು ಅಪ್ಪನ ಹೆಸರು ಸರಿ ಮಾಡಿಸ್ಕೊಂಡೆ ಮೇಷ್ಟ್ರೇ, ಆಮೇಲೆ ಹಂದಿ ವಿಷಯ’ ಎಂದರು. ಮೇವಿನ ಪುಡಿ ನಿಂತಿತು. ಹುಷಾರಿಲ್ಲದ್ದನ್ನು ಬೇರೆ ಕಟ್ಟುವುದು, ಡಾಕ್ಟರು ನೋಡಿ ಲ್ಯಾಬಿಗೆ ಕಳಿಸಿ ಇದೇ ಔಷಧಿ ಎಂದ ಮೇಲೇ ಕೊಡುವುದು, ಕೊಟ್ಟರೆ ಹೇಳಿದಷ್ಟೂ ದಿನ ಕೊಡುವುದು, ನೆಲ ಒಣಗಿರುವಂತೆ ನೋಡಿಕೊಳ್ಳುವುದು, ಲಸಿಕೆ. ಮೊದಮೊದಲು ಮರಿಗಳು ಬಹಳ ಸತ್ತವು. ಫಾರಂ ಅರ್ಧಕ್ಕರ್ಧ ಇಳಿಯಿತು. ಆಮೇಲೆ ನಿಧಾನವಾಗಿ ಚೇತರಿಸಿಕೊಂಡಿತು.

ಆದರೆ ಭಾವ ಚೇತರಿಸಿಕೊಳ್ಳಲಿಲ್ಲ. ಶಿರಾ ಗೇಟಿನ ಔಷಧಿ ಅಂಗಡಿಯ ಮುಂದೆ ನಿಂತು, ಹಸುವಿಗೋ ಕೋಳಿಗೋ ಬಾಟಲಿ ಕೇಳಲು ಬಂದವರನ್ನೆಲ್ಲ ಹಿಡಿದು ಡಾಕ್ಟರಿಗೆ ತೋರಿಸಿದ್ರಾ ಎಂದು ವಿಚಾರಿಸತೊಡಗಿದರು. ಕೊನೆಗೆ ಅಂಗಡಿಯವನು ಕೈ ಮುಗಿದು, ‘ಅಣ್ಣ, ನೀವು ಈ ಕಡೆ ಬರಬ್ಯಾಡಿ’ ಎಂದ. ‘ನಾನು ಹಂದಿ ಸಾಕೋನು’ ಎಂದು ಈಗ ಬಸ್ಸಿನಲ್ಲೂ ಹೇಳುತ್ತಿದ್ದರು. ಅದಕ್ಕೆ ಜನ ದೂರ ಸರಿದರೆ ಬೇಜಾರಿರಲಿಲ್ಲ. ಔಷಧಿಯ ವಿಷಯ ತೆಗೆದಾಗ ಯಾರೂ ಕಿವಿಗೊಡದೆ ಹೋದರೆ ಮಾತ್ರ ಮುಖ ಬಾಡುತ್ತಿತ್ತು. ಒಂದು ದಿನ ಹೇಳಿದರು: ‘ಹಂದಿ ಸಾಕಿದ್ದಕ್ಕೆ ಎಲ್ಲಾರೂ ಉಗೀತಾರೆ. ಉಗೀಬೇಕಾಗಿದ್ದು ಅದಕ್ಕಲ್ಲ ಅಂತ ನಾನೇ ಹೇಳ್ಕೊಂಡ್ ತಿರುಗ್ತಿದೀನಿ. ಎಂಥಾ ನಾಚಿಕೆಗೇಡು ನೋಡು.’

ಕೊತ್ತಗೆರೆಯವರು ಆಸ್ಪತ್ರೆಯಿಂದ ಎದ್ದು ಹೋದವರು ಗುಬ್ಬಿಯ ಮನೆ ಮೆಟ್ಟಿಲು ಹತ್ತಿರಲಿಲ್ಲ. ಹಬ್ಬಕ್ಕೆ ಕರೆಯಲಿಲ್ಲ, ಕರೆದರೆ ಬರಲಿಲ್ಲ. ಹೀಗಿರುವಾಗ ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ದೊಡ್ಡಪ್ಪ ಬಂದರು. ನಾನು ಅಲ್ಲೇ ಇದ್ದೆ. ಅಕ್ಕ ಸಡಗರದಿಂದ ಚಾಪೆ ಹಾಕಿದಳು. ಅವರು ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತರು. ಅಕ್ಕ ಕೊಟ್ಟ ಕಾಫಿಯನ್ನು ನಾನು ತೆಗೆದುಕೊಂಡು ಹೋದೆ. ‘ಈಗ್ಲೇ ಕುಡ್ಕಂಡ್ ಬಂದೆ ಕಣಪ್ಪ’ ಎಂದು ಕೈ ಹಿಂದಕ್ಕೆ ಕಟ್ಟಿಕೊಂಡರು. ನಾನು ಲೋಟ ಹಿಡಿದುಕೊಂಡೇ ನಿಂತೆ.

ಅವರು ಭಾವನ ಕಡೆ ತಿರುಗಿದರು. ‘ಹಸುಗೆ ಕೆಚ್ಚಲು ಬಾವು ಕಣೋ. ಹಿಂದೆ ಒಂದ್ಸಲ ಫಾರಮ್ಮಿಂದ ಒಂದು ಬಾಟ್ಲಿ ತಂದ್ಕೊಟ್ಟಿದ್ದೆಯಲ್ಲ, ಎರಡೇ ಸೂಜಿಗೆ ಇಳಿದೋಯ್ತು. ಆಮೇಕಿಂದ ನಾನೂ ಅದನ್ನೇ ತಂದು ಹಾಕ್ತಿದ್ದೆ. ಈಗ ನಾಟ್ತಿಲ್ಲ. ಅದಕ್ಕಿಂತ ಜೋರಾಗಿರೋದು ನಿನ್ನತ್ರ ಐತೇನೋ ಅಂತ ಬಂದೆ.’

ಆ ಮೊದಲ ಬಾಟಲಿ ಕೊಟ್ಟದ್ದು ಭಾವನಿಗೆ ಮರೆತೇಹೋಗಿತ್ತು. ಅಕ್ಕನನ್ನು ಕರೆದರು. ‘ಕೈ ತೋರ್ಸೇ’ ಎಂದರು. ಅಕ್ಕ ಸೆರಗಿನೊಳಗಿದ್ದ ಬಲಗೈಯನ್ನು ಮುಂದೆ ಚಾಚಿದಳು.

ದೊಡ್ಡಪ್ಪ ನೋಡಿ ಲೊಚಗುಟ್ಟಿದರು. ‘ಪಾಪ. ಅದಕ್ಕೇ ಹೇಳೋದು ಆ ದರಿದ್ರ ಪ್ರಾಣಿ ಸಹವಾಸ ಬ್ಯಾಡ ಅಂತ. ನಂದು ಹಸು ಕಣೋ.’

‘ಅದರ ಹಾಲು ಯಾರು ಕುಡೀತಾರೆ ದೊಡ್ಡಪ್ಪ?’

‘ಮನೆಯೋರೆಲ್ಲ ಕುಡೀತೀವಿ. ಮೊಮ್ಮಕ್ಕಳು ಕುಡೀತವೆ. ಯಾಕೆ?’

ಭಾವ ಎರಡು ಹೆಜ್ಜೆ ಮುಂದೆ ಬಂದು ಅವರ ಕಾಲಿಗೆ ಬಿದ್ದರು. ನಮ್ಮಲ್ಲಿ ಚಿಕ್ಕವರು ಹಾಗೆ ಬಿದ್ದರೆ ದೊಡ್ಡವರು ತಲೆ ಮುಟ್ಟಿ ಎಬ್ಬಿಸಬೇಕು. ದೊಡ್ಡಪ್ಪ ಗಾಬರಿಯಿಂದ ಕಾಲು ಹಿಂದಕ್ಕೆ ಎಳೆದುಕೊಂಡರು. ಭಾವನ ಕೈ ಬರಿಯ ನೆಲದ ಮೇಲೆ ಉಳಿಯಿತು. ಅಕ್ಕ ನನ್ನ ಕಡೆ ನೋಡಿದಳು, ನಾನು ಕೈಯಲ್ಲಿದ್ದ ಕಾಫಿಯ ಕಡೆ ನೋಡಿದೆ.

‘ಮುಟ್ಟಬ್ಯಾಡ ಕಣೋ’ ಎಂದರು ದೊಡ್ಡಪ್ಪ, ಕೋಪವೇನೂ ಇಲ್ಲದ ದನಿಯಲ್ಲಿ. ‘ಹೋಗಿ ಮತ್ತೆ ಸ್ನಾನ ಮಾಡ್ಬೇಕಾಯ್ತದೆ.’

ಭಾವ ತಲೆ ಎತ್ತಲಿಲ್ಲ.

‘ಮಾಡ್ಕಳಿ ದೊಡ್ಡಪ್ಪ’ ಎಂದರು. ‘ಸ್ನಾನ ಮಾಡ್ಕಂಡು, ಹಸುಗೆ ಡಾಕ್ಟ್ರನ್ನ ಕರ್ಸಿ.’